ಕ್ಲಬ್ ಕಟ್ಟುವ ಮೊದಲು ದೋಣಿ ಕಟ್ಟಿ

ಮಾನ್ಯ ಸಂಪಾದಕರೇ,

ಕರಾವಳಿಯ ಹಿನ್ನೀರಿನಲ್ಲಿ ರೋಯಿಂಗ್ ಕ್ಲಬ್ ಬೇಕೆಂಬ ಮಾತು ಬಂದಾಗೆಲ್ಲ ಖರೀದಿ ಪಟ್ಟಿಯ ಮೊದಲಿಗೇ ರೇಸಿಂಗ್ ದೋಣಿ ಇರುತ್ತದೆ. ಅದೇ ತಪ್ಪು. ಒಬ್ಬರು ಕೂರುವ ಆ ದೋಣಿ 8 ಮೀಟರಿಗೂ ಉದ್ದ, ತೂಕ ಮಾತ್ರ 14 ಕೆ.ಜಿ. ಚಿಲ್ಲರೆ. ಎರಡು ಹುಟ್ಟುಗಳಲ್ಲಿ ಒಂದು ತುಸು ಏರುಪೇರಾದರೆ ಮಗುಚುತ್ತದೆ. ಪಕ್ಕದಲ್ಲಿ ಹೋದ ಮೀನುಗಾರಿಕೆ ಬೋಟಿನ ಅಲೆಯೇ ಸಾಕು. ಎರಡು ಸಲ ನೀರಿಗೆ ಬಿದ್ದ ಹೊಸಬರು ಮೂರನೇ ವಾರ ಬರುವುದಿಲ್ಲ.

ಸ್ಕಾಟ್ಲೆಂಡಿನವರು ಬೇರೆ ದಾರಿ ಹಿಡಿದರು. 2009ರಲ್ಲಿ ಆನ್‌ಸ್ಟ್ರದರ್ ಊರಿನ ಮೀನುಗಾರಿಕೆ ವಸ್ತುಸಂಗ್ರಹಾಲಯ ಇಯಾನ್ ಔಟ್ರೆಡ್ ಅವರಿಂದ 'ಸೇಂಟ್ ಐಲ್ಸ್ ಸ್ಕಿಫ್' ಎಂಬ ದೋಣಿಯ ನಕ್ಷೆ ಮಾಡಿಸಿತು. 22 ಅಡಿ ಉದ್ದ, ಐದೂವರೆ ಅಡಿಗೂ ಹೆಚ್ಚು ಅಗಲ. ನಾಲ್ವರಿಗೆ ತಲಾ ಒಂದು ಹುಟ್ಟು, ಚುಕ್ಕಾಣಿಗೆ ಒಬ್ಬರು. ಯಂತ್ರದಲ್ಲಿ ಕತ್ತರಿಸಿದ ಪ್ಲೈವುಡ್ ಹಲಗೆಗಳು ಕಿಟ್ ಆಗಿ ಬರುತ್ತವೆ. ಹೆಂಚು ಹೊದಿಸಿದಂತೆ ಅಂಚಿನ ಮೇಲೆ ಅಂಚು ಕೂರಿಸಿ, ಎಪಾಕ್ಸಿ ಎಂಬ ಕಲಸಿ ಬಳಸುವ ಅಂಟಿನಲ್ಲಿ ಅಂಟಿಸಿ ಊರವರೇ ಕಟ್ಟಬೇಕು. ಅಲ್ಲಿ ಕ್ಲಬ್ ಬೆಳೆದದ್ದೇ ದೋಣಿ ಕಟ್ಟುವ ಶೆಡ್ಡಿನಲ್ಲಿ. ಮರಳು ಕಾಗದ ಉಜ್ಜಿದವರು ದೋಣಿ ನೀರಿಗಿಳಿದ ಮೇಲೆ ಮನೆಗೆ ಹೋಗಲಿಲ್ಲ, ಹುಟ್ಟು ಹಿಡಿದರು. 2013ಕ್ಕೆ ಅಲ್ಲಿನ ಉಲ್ಲಾಪುಲ್‌ನಲ್ಲಿ ಈ ದೋಣಿಗಳ ವಿಶ್ವ ಸ್ಪರ್ಧಾಕೂಟವೇ ನಡೆಯಿತು. 60 ದಾಟಿದವರಿಗೂ ಪ್ರತ್ಯೇಕ ಸ್ಪರ್ಧೆಗಳಿವೆ.

ನಮ್ಮಲ್ಲಿ ಕಟ್ಟುವುದಾದರೆ ತೊಡಕು ಎಪಾಕ್ಸಿಯದ್ದು. ದೋಣಿ ಇಳಿಸಲಾಗದ ಮಳೆಗಾಲವೇ ಶೆಡ್ ಕೆಲಸಕ್ಕೆ ಬಿಡುವು. ಆದರೆ ಆ ತೇವದಲ್ಲಿ ಎಪಾಕ್ಸಿ ಒಣಗುವಾಗ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ನೀರಿನಲ್ಲಿ ತೊಳೆದು ಆಮೇಲೆ ಉಜ್ಜಬೇಕು. ಹಾಗೇ ಉಜ್ಜಿದರೆ ಜಿಡ್ಡು ಮೈಯೆಲ್ಲ ಹರಡಿ ಮುಂದಿನ ಲೇಪ ಹಿಡಿಯುವುದಿಲ್ಲ. ಆದ್ದರಿಂದ ಮಳೆಯಲ್ಲಿ ಅಚ್ಚು, ಹುಟ್ಟು, ಕೂರುವ ಹಲಗೆಗಳ ಮರಗೆಲಸ ಮುಗಿಸಿ, ಲೇಪವನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳುವುದು ಜಾಣತನ. ಸೆಕೆಯಲ್ಲಿ ಒಂದೇ ಡಬ್ಬದಲ್ಲಿ ಜಾಸ್ತಿ ಕಲಸಿದರೆ ಡಬ್ಬವೇ ಕಾದು ಹೊಗೆಯಾಡಿ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ ಅಗಲ ತಟ್ಟೆಗೆ ಸುರಿಯಿರಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ (ಅಂಟಿಗೆ ಬೆರೆಸುವ ಗಟ್ಟಿಕಾರಕ) ಹೆಚ್ಚು ಹಾಕುವವರಿದ್ದಾರೆ. ಅಂಟು ಕೊನೆಗೂ ಮೆತ್ತಗೇ ಉಳಿಯುತ್ತದೆ. ಡಬ್ಬದ ಮೇಲಿನ ಅಳತೆ ಬಿಟ್ಟು ಕದಲಬಾರದು.

ನೀರಿಗಿಳಿದ ಮೇಲೆ ಮೊದಲ ಪಾಠ ವೇಗದ್ದಲ್ಲ. ಹುಟ್ಟಿನ ಅಲಗು ಓರೆಯಾಗಿ ನೀರು ಹೊಕ್ಕರೆ ಆಳಕ್ಕೆ ಸಿಕ್ಕಿಕೊಳ್ಳುತ್ತದೆ, ಹಿಡಿ ಎದೆಗೆ ಬಂದು ಗುದ್ದುತ್ತದೆ. ಎಳೆದಾಡಬಾರದು, ಚುಕ್ಕಾಣಿಯವರು 'ನಿಲ್ಲಿಸಿ' ಎಂದು ಕೂಗಬೇಕು, ಓಟ ತಗ್ಗಿದರೆ ಅಲಗು ಬಿಟ್ಟುಕೊಳ್ಳುತ್ತದೆ.

ಹೊರಡುವ ಹೊತ್ತನ್ನು ಗಡಿಯಾರಕ್ಕಿಂತ ಉಬ್ಬರ-ಇಳಿತ ನೋಡಿ ಗೊತ್ತು ಮಾಡಬೇಕು. ಮೈಯಲ್ಲಿ ಕಸುವಿರುವಾಗ ಸೆಳವಿನ ಎದುರು ಹೋಗಿ, ದಣಿದಾಗ ಅದರ ಜೊತೆ ಮರಳಬೇಕು. ಇಳಿತದ ಹೊತ್ತಿಗೆ ಅಳಿವೆಯ ಹತ್ತಿರ ಸುಳಿಯಲೇಬಾರದು: ಹೊರಗೆ ನುಗ್ಗುವ ಹೊಳೆನೀರಿಗೆ ಒಳಬರುವ ಅಲೆ ಡಿಕ್ಕಿ ಹೊಡೆದು ಅಲ್ಲೇ ಕಡಿದಾಗಿ ಎದ್ದು ಒಡೆಯುತ್ತದೆ. ಇದನ್ನು ನೀರಿನ ಬಣ್ಣ ನೋಡಿಯೇ ಹೇಳಬಲ್ಲ ಹಳೆಯ ತಾಂಡೇಲರು (ದೋಣಿ ನಡೆಸುವವರು) ಬಂದರುಗಳಲ್ಲಿ ಇನ್ನೂ ಇದ್ದಾರೆ. ಕ್ಲಬ್ಬಿನವರು ದೂರದಿಂದ ಕೋಚ್ ಕರೆಸುವ ಮುನ್ನ ಅವರಿಗೆ ಚುಕ್ಕಾಣಿ ಕೊಡಲಿ.

— ಹುಟ್ಟು ಹಾಕುವ ಕೆಲವರು, ಹೊನ್ನಾವರ