ಇಳಿಯುವಾಗ ಗೇರಿನಲ್ಲೇ ಇಳಿ

ಪುಟ್ಟೀ,

ಬರುವ ವಾರ ಹವಾಯಿಯ ಆ ಜ್ವಾಲಾಮುಖಿ ಬೆಟ್ಟ ಮೌನಾ ಕೇಯಾದ ತುದಿಗೆ ನೀನೇ ಜೀಪು ಓಡಿಸಿಕೊಂಡು ಹೋಗುತ್ತೇನೆ ಅಂದೆ. ನಾನು ಬೇಡ ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ದನಿ ಸ್ವಲ್ಪ ಜೋರಾಯಿತು, ಬೇಜಾರು ಮಾಡ್ಕೋಬೇಡ. ಆದರೆ ನನ್ನ ಮಾತು ಮುಗಿದಿರಲಿಲ್ಲ.

ನಿನ್ನಮ್ಮನಿಗೆ ಬೆಂಕಿಯದೇ ಭಯ. ಮೌನಾ ಕೇಯಾ ಕಡೆಯ ಸಲ ಉಕ್ಕಿ ಸುಮಾರು 4,500 ವರ್ಷ ಆಯಿತಂತೆ ಕಣೇ ಅಂದೆ. 2022ರಲ್ಲಿ ಪಕ್ಕದ ಮೌನಾ ಲೋವಾ ಉಕ್ಕಲಿಲ್ವಾ ಅಂದಳು. ಸುಮ್ಮನಾದೆ.

ನನಗೆ ಚಿಂತೆ ಇಳಿಜಾರಿನದು. ನೀನು ಕಳಿಸಿದ ಫೋಟೊದಲ್ಲಿ ಮೌನಾ ಲೋವಾ ಕವುಚಿಟ್ಟ ತಟ್ಟೆಯ ಹಾಗೆ ಹರಡಿಕೊಂಡಿದೆ. ಮೌನಾ ಕೇಯಾ ನೆತ್ತಿ ಮಾತ್ರ ಉಬ್ಬು ಉಬ್ಬು, ಕಡಿದು. ಯಾಕೆ ಅಂತ ನೀನೇ ಬರೆದಿದ್ದೆ. ಮೊದಮೊದಲು ಲಾವಾ ತೆಳ್ಳಗಿತ್ತು, ದೂರ ಹರಿಯಿತು. ಆಮೇಲೆ ಕಡಲತಳ ವರ್ಷಕ್ಕೆ 7ರಿಂದ 10 ಸೆಂಟಿಮೀಟರ್ ಸರಿಯುತ್ತಾ ಬೆಟ್ಟವನ್ನು ಕೆಳಗಿನ ಬಿಸಿ ಜಾಗದಿಂದ ಆಚೆಗೆ ಒಯ್ದಿತು. ಲಾವಾ ಕಡಿಮೆಯಾಯಿತು, ಮಂದವಾಯಿತು, ಅಲ್ಲಲ್ಲೇ ಗುಡ್ಡೆ ಬಿತ್ತು. ಚಿಮ್ಮಿದ ಕಿಟ್ಟದ ಚೂರುಗಳೂ ರಾಶಿಯಾದವು. ಡಿಪೋದ ಹಳೇ ಗೆಳೆಯರಿಗೆಲ್ಲ ಇದನ್ನು ಓದಿ ಹೇಳಿದೆ, ನನ್ನ ಮಗಳು ಬರೆದದ್ದು ಅಂತ.

ಆದರೆ ಆ ಸಡಿಲ ಕಿಟ್ಟದ ಮೇಲೇ ಅಲ್ವಾ ನಿನ್ನ ದಾರಿ? 2,800 ಮೀಟರಿನಿಂದ 4,200ಕ್ಕೆ!

ಚಾರ್ಮಾಡಿಯಲ್ಲಿ ಬಸ್ ಓಡಿಸಿದವನು ಹೇಳುತ್ತಿದ್ದೇನೆ, ಕೇಳು. ಹತ್ತುವಾಗ ಗಾಡಿ ಕೈಕೊಟ್ಟರೆ ನಿಲ್ಲುತ್ತದೆ. ಇಳಿಯುವಾಗ ನಿಲ್ಲುವುದಿಲ್ಲ. ಒಂದು ಮಳೆಗಾಲ ಕೊಟ್ಟಿಗೆಹಾರ ದಾಟಿ ಇಳಿಯುತ್ತಿದ್ದೆ, ಮುಂದೊಂದು ಲಾರಿ. ಅದರ ಬ್ರೇಕ್ ಲೈನರ್ ಸುಟ್ಟ ವಾಸನೆ ನನ್ನ ಸೀಟಿನವರೆಗೂ ಬಂತು. ಕ್ಲೀನರ್ ಹುಡುಗ ಕಲ್ಲು ಹಿಡಿದುಕೊಂಡು ಪಕ್ಕದಲ್ಲೇ ಓಡುತ್ತಿದ್ದ. ಹಿಂದಿನ ಚಕ್ರಕ್ಕೆ ಕೊಟ್ಟ. ಚಕ್ರ ಕಲ್ಲನ್ನೇ ಹತ್ತಿ ಇಳಿದು ಮುಂದೆ ಹೋಯಿತು. ಮತ್ತೆ ಹೆಕ್ಕಿದ, ಮತ್ತೆ ಓಡಿದ. ಕೊನೆಗೆ ಡ್ರೈವರ್ ಲಾರಿಯನ್ನು ರಸ್ತೆ ಪಕ್ಕದ ಮಣ್ಣಿನ ಧರೆಗೆ ಒರೆಸಿ ನಿಲ್ಲಿಸಿದ. ಆ ಹುಡುಗನಿಗೆ ಆಗ ಈಗಿನ ನಿನ್ನ ವಯಸ್ಸು.

ಅದಕ್ಕೇ, ಹತ್ತಿದ ಗೇರಿನಲ್ಲೇ ಇಳಿ. ಫೋರ್ ವೀಲ್ ಲೋ ಹಾಕು, ನಾಲ್ಕೂ ಚಕ್ರ ನಿಧಾನದ ಗೇರಿನಲ್ಲಿರಲಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡ. ನ್ಯೂಟ್ರಲ್ ಮಾತೇ ಬೇಡ. 2,800ರಲ್ಲಿ ಅರ್ಧ ಗಂಟೆಯಾದರೂ ಕೂತು ಹೋಗು. ತುದಿಯಲ್ಲಿ ಗಾಳಿಯ ಒತ್ತಡ ಕಡಲಮಟ್ಟಕ್ಕಿಂತ ಶೇ. 40ರಷ್ಟು ಕಡಿಮೆ. ತಲೆ ಭಾರ ಅನ್ನಿಸಿದರೆ ಸ್ಟಿಯರಿಂಗ್ ಬೇರೆಯವರಿಗೆ ಕೊಡು, ನಾಚಿಕೆ ಬೇಡ. ಕಲ್ಲಿನ ಬಗ್ಗೆ ನಿನಗೆ ಜಾಸ್ತಿ ಗೊತ್ತು. ಗಾಡಿ ಬಗ್ಗೆ ನನ್ನ ಮಾತು ಕೇಳು.

ಅಮ್ಮ ಚಟ್ನಿಪುಡಿ ಪಾರ್ಸೆಲ್ ಮಾಡಿದ್ದಾಳೆ. ಹೊರಡುವ ಮುಂಚೆ ಬ್ರೇಕ್ ಆಯಿಲ್ ನೋಡು. ಕೆಳಗಿಳಿದ ಮೇಲೆ ಮೆಸೇಜ್ ಹಾಕು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ.

ಅಪ್ಪ