ಭಾನುವಾರದ ಕೆಮಿಸ್ಟ್ರಿಗೆ ಮುಂಚೆ ಇದನ್ನು ಓದಿ ಬನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಹಾಸನದ ನಮ್ಮ ಮಾಮೂಲಿ ಜಾಗದಲ್ಲೇ ಸೇರೋಣ. ಬೇಲೂರು, ಸಕಲೇಶಪುರದಿಂದ ಬರುವವರು ಬಸ್ಸು ತಡವಾದರೆ ಇಲ್ಲೇ ಒಂದು ಮೆಸೇಜ್ ಹಾಕಿ. ಪಾಠ: ಅಣುಗಳ ನಡುವಿನ ಸೆಳೆತ.

ಒಂದು ಗೊಂದಲ ಮೊದಲೇ ಬಿಟ್ಟು ಬನ್ನಿ. ನೀರು ಕುದಿಯುವಾಗ ಹೈಡ್ರೋಜನ್, ಆಕ್ಸಿಜನ್ ಬೇರೆಯಾಗುವುದಿಲ್ಲ. ಆವಿಯಲ್ಲಿ ಇರುವುದೂ ನೀರಿನ ಅಣುವೇ. ಒಂದು ಅಣು ಪಕ್ಕದ ಅಣುವಿನಿಂದ ಬಿಡಿಸಿಕೊಳ್ಳುತ್ತದೆ, ಅಷ್ಟೇ.

ಈಗ ಎಥನಾಲ್ ಮತ್ತು ಡೈಮೀಥೈಲ್ ಈಥರ್ ನೋಡಿ. ಎರಡರಲ್ಲೂ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್. ತೂಕವೂ ಒಂದೇ. ಆದರೂ ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಈಥರ್ ಸುಮಾರು ಮೈನಸ್ 24ರಲ್ಲೇ! ಎಥನಾಲಿನಲ್ಲಿ ಆಕ್ಸಿಜನ್‌ಗೆ ನೇರವಾಗಿ ಸೇರಿದ ಒಂದು ಹೈಡ್ರೋಜನ್ ಇದೆ, ಅದು ಪಕ್ಕದ ಅಣುವಿನ ಆಕ್ಸಿಜನ್ನನ್ನೂ ಹಿಡಿದುಕೊಳ್ಳುತ್ತದೆ, ಆದರೆ ಈಥರಿನಲ್ಲಿ ಹೈಡ್ರೋಜನ್ ಎಲ್ಲವೂ ಕಾರ್ಬನ್‌ಗೇ ಸೇರಿರುವುದರಿಂದ ಅದರ ಅಣುಗಳ ನಡುವೆ ಆ ಹಿಡಿತವೇ ಇಲ್ಲ. ಹೈಡ್ರೋಜನ್ ಬಂಧ ಅಂದರೆ ಇದೇ. ಈ ಜೋಡಿ ಅರ್ಥವಾದರೆ ಗೈಡಿನ ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ ಅಲ್ವಾ?

ಲಂಡನ್ ಬಲ (ಎಲೆಕ್ಟ್ರಾನ್‌ಗಳು ಕ್ಷಣಕಾಲ ಒಂದು ಕಡೆ ಸರಿದಾಗ ಅಣುಗಳ ನಡುವೆ ಹುಟ್ಟುವ ಸೆಳೆತ) ದುರ್ಬಲ ಅಂತ ಸುಮ್ನೆ ಒಂದು ಸಾಲು ಬರೆದು ಬಿಡಬೇಡಿ. ಅಯೋಡಿನ್, ಕ್ಲೋರಿನ್ ಎರಡರ ಅಣುಗಳ ನಡುವೆಯೂ ಇರುವುದು ಈ ಜಾತಿಯ ಸೆಳೆತವೇ. ಕ್ಲೋರಿನ್ ಅನಿಲ, ಅಯೋಡಿನ್ ಘನ. ಎಲೆಕ್ಟ್ರಾನ್ ಜಾಸ್ತಿ ಇದ್ದಷ್ಟೂ ಸೆಳೆತ ಜಾಸ್ತಿ.

ಮನೆಕೆಲಸ: ಗ್ಯಾಸ್ ಸಿಲಿಂಡರಿನಲ್ಲಿರುವ ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲಿ ಕುದಿಯುತ್ತದೆ, ಬ್ಯೂಟೇನ್ ಸುಮಾರು 0 ಡಿಗ್ರಿಯಲ್ಲಿ. ಯಾಕೆ? ಬರೆದುಕೊಂಡು ಬನ್ನಿ, ಗುಂಪಿನಲ್ಲಿ ಉತ್ತರ ಹಾಕಬೇಡಿ.