ನಿನ್ನ ನಾಯಕಿ ಓದದೆ ಬಿಟ್ಟ ಪುಸ್ತಕಗಳು ಎಲ್ಲಿ?

ಪ್ರೀತಿಯ ತಮ್ಮ,

ನಿನ್ನ ಮೇಲ್ ಬಂತು, ಜೊತೆಗೆ ಕಳಿಸಿದ ಕಾದಂಬರಿಯ ಮೊದಲ ನಾಲ್ಕು ಅಧ್ಯಾಯಾನೂ ಓದಿದೆ. ಎರಡು ವಿಷಯ ಬರ್ದಿದೀಯ. ಒಂದು, ನಿನ್ನ ಕಥಾಸಂಕಲನ ತಗೊಂಡ ಗೆಳೆಯರೆಲ್ಲರ ಮನೇಲೂ ಅದು ಹಾಗೇ ಬಿದ್ದಿದೆ, ಕೇಳಿದ್ರೆ "ಲಿಸ್ಟಲ್ಲಿದೆ ಗುರು, ಓದ್ತೀನಿ" ಅಂತಾರೆ ಅನ್ನೋ ಬೇಜಾರು. ಇನ್ನೊಂದು, ನಿನ್ನ ಕಾದಂಬರಿಯ ನಾಯಕಿಗೆ ಓದಿನ ಹುಚ್ಚು ಅಂತ ನೀನು ಎಷ್ಟು ಸಲ ಹೇಳಿದ್ರೂ ಓದೋರಿಗೆ ಹಾಗನ್ಸಲ್ಲ, ಯಾಕೆ ಅಂತ ಪ್ರಶ್ನೆ. ನನಗೆ ಇವೆರಡೂ ಒಂದೇ ಅನ್ಸುತ್ತೆ, ಅದಕ್ಕೇ ಒಟ್ಟಿಗೇ ಬರೀತೀನಿ, ಸ್ವಲ್ಪ ಉದ್ದ ಆದ್ರೂ ಕೂತು ಓದು.

ಮೊದಲು ಓದದೆ ಬಿದ್ದಿರೋ ಪುಸ್ತಕದ ರಾಶಿ ವಿಷಯ. ಕನ್ನಡ ಪುಸ್ತಕ ಕೊಳ್ಳೋರು ಓದೋಕೆ ಟೈಮ್ ಸಿಕ್ಕಾಗ ಕೊಳ್ಳಲ್ಲ ಕಣೋ, ಪುಸ್ತಕ ಸಿಕ್ಕಾಗ ಕೊಳ್ತಾರೆ. ನಮ್ಮಲ್ಲಿ ಒಂದು ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತೆ, ಎಷ್ಟೋ ಸಲ ಅದಕ್ಕಿಂತ ಕಮ್ಮಿ, ಅದು ಖಾಲಿ ಆದ್ಮೇಲೆ ಮರುಮುದ್ರಣ ಆಗುತ್ತೆ ಅಂತ ಯಾವ ಗ್ಯಾರಂಟಿನೂ ಇಲ್ಲ, ಮುಂದಿನ ವರ್ಷ ನೋಡೋಣ ಅಂತ ಬಿಟ್ಟಿದ್ದು ಆಮೇಲೆ ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಲಿ ಹುಡುಕಿದ್ರೂ ಸಿಗಲ್ಲ. ಹಾಗಾಗಿ ನವೆಂಬರಲ್ಲಿ ರಾಜ್ಯೋತ್ಸವದ ರಿಯಾಯಿತಿ ಬಂದಾಗ, ಸಾಹಿತ್ಯ ಸಮ್ಮೇಳನದ ಮಳಿಗೆಗಳ ಧೂಳಲ್ಲಿ ನೂಕಾಡ್ತಾ, ಭಾನುವಾರ ಬೆಳಗ್ಗೆ ಪುಸ್ತಕ ಬಿಡುಗಡೆ ಮುಗಿಸಿ ಉಪ್ಪಿಟ್ಟು ಕೇಸರಿಬಾತ್ ತಿಂದು ಹೊರಗೆ ಬರ್ತಾ, ಜನ ಚೀಲ ತುಂಬ್ಕೋತಾರೆ. ಓದೋದು ಅವರ ಅನುಕೂಲದ ಮೇಲೆ. ನಿನ್ನ ಪುಸ್ತಕ ಆ ಚೀಲದಲ್ಲಿ ಹೋಗಿದೆ ಅಂದ್ರೆ ಯಾರೋ ಒಬ್ರು ಮುಂದೆ ಯಾವತ್ತೋ ಒಂದು ಸಂಜೆ ನಿನಗೆ ಅಂತ ಎತ್ತಿಟ್ಟಿದಾರೆ, ಅದನ್ನ ನಂಬು, ಫೋನ್ ಮಾಡಿ ಓದಿದ್ಯಾ ಓದಿದ್ಯಾ ಅಂತ ಕೇಳ್ಬೇಡ.

ಪಾಂಡವಪುರದ ಹತ್ರ ಹರಳಹಳ್ಳಿಗೆ ಒಂದ್ಸಲ ಹೋಗಿ ಬಾ. ಅಂಕೇಗೌಡ್ರು ಅಂತ, ಬಸ್ ಕಂಡಕ್ಟರ್ ಆಗಿದ್ದು ಆಮೇಲೆ ಸಕ್ಕರೆ ಕಾರ್ಖಾನೆಲಿ ದುಡಿದವರು, ಸಂಬಳದ ದುಡ್ಡೆಲ್ಲ ಸುರಿದು ಲಕ್ಷಗಟ್ಟಲೆ ಪುಸ್ತಕ ಸೇರಿಸಿ ಪುಸ್ತಕ ಮನೆ ಕಟ್ಟಿದಾರೆ. ಬೀರು ತುಂಬಿ ನೆಲದ ಮೇಲೂ ರಾಶಿ. ಅಷ್ಟನ್ನೂ ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಓದಿ ಮುಗಿಸೋ ಮಾತೇ ಇಲ್ಲ, ಆದ್ರೆ ಸಂಶೋಧನೆ ಮಾಡೋ ಹುಡುಗ್ರು ಬೇರೆ ಎಲ್ಲೂ ಸಿಗದಿದ್ದನ್ನ ಹುಡುಕ್ಕೊಂಡು ಅಲ್ಲಿಗೇ ಹೋಗ್ತಾರೆ. ಕೊಂಡೋರು ಓದ್ಲಿಲ್ಲ ಅಂದ ಮಾತ್ರಕ್ಕೆ ಪುಸ್ತಕದ ಕಥೆ ಅಲ್ಲಿಗೇ ಮುಗಿಯಲ್ಲ.

ಈಗ ನಿನ್ನ ನಾಯಕಿಗೆ ಬರ್ತೀನಿ. ಎರಡನೇ ಅಧ್ಯಾಯದಲ್ಲಿ ಅವಳ ರೂಮಿನ ವರ್ಣನೆ ಇದೆ, ಶೆಲ್ಫಲ್ಲಿ ಕುವೆಂಪು, ಬೇಂದ್ರೆ, ಕಾಫ್ಕಾ, ಮಾರ್ಕ್ವೆಜ್, ಎಲ್ಲ ಸಾಲಾಗಿ ನಿಂತಿದಾರೆ, ಎಲ್ಲಾನೂ ಅವಳು ಓದಿ ಮುಗಿಸಿದಾಳೆ, ಎಲ್ಲಾನೂ ಅವಳಿಗೆ ಇಷ್ಟ. ಅದು ಅವಳ ಶೆಲ್ಫ್ ಅಲ್ಲ ತಮ್ಮಾ, ನಿನ್ನದು. ನಿಜವಾದ ಮನುಷ್ಯರ ಹತ್ರ ಅರ್ಧಕ್ಕೇ ಬಿಟ್ಟ ಪುಸ್ತಕ ಇರ್ತಾವೆ, ಯಾರೋ ಮದುವೇಲಿ ಕೊಟ್ಟಿದ್ದು ಇರುತ್ತೆ, ಯಾರನ್ನೋ ಮೆಚ್ಚಿಸೋಕೆ ಕೊಂಡಿದ್ದು ಇರುತ್ತೆ, ವಾಪಸ್ ಕೊಡದೆ ಇಟ್ಕೊಂಡಿದ್ದೂ ಇರುತ್ತೆ. ಇದು ಯಾವುದೂ ನಿನ್ನ ನಾಯಕಿ ಹತ್ರ ಇಲ್ಲ.

ಫ್ಲೊಬೇರ್ 1857ರಲ್ಲಿ ಪುಸ್ತಕವಾಗಿ ತಂದ ಮದಾಂ ಬೊವಾರಿ ಓದಿದೀಯ ಅಲ್ವಾ, ಇನ್ನೊಂದ್ಸಲ ತೆಗಿ, ಆದ್ರೆ ಈ ಸಲ ಅದರ ನಾಯಕಿ ಎಮ್ಮಾ ಏನು ಓದ್ತಾಳೆ, ಏನು ಬಿಡ್ತಾಳೆ ಅನ್ನೋದನ್ನಷ್ಟೇ ನೋಡ್ತಾ ಹೋಗು. ಕಾನ್ವೆಂಟಲ್ಲಿ ಕದ್ದು ಓದಿದ ಪ್ರೇಮದ ಕಾದಂಬರಿಗಳು ಅವಳ ತಲೆ ಕೆಡಿಸಿದ್ವು ಅಂತ ಎಲ್ರೂ ಹೇಳ್ತಾರೆ, ಅದು ಸರಿನೇ, ಆದ್ರೆ ನನ್ನನ್ನ ಹಿಡಿದು ನಿಲ್ಲಿಸೋದು ಎರಡನೇ ಭಾಗದಲ್ಲಿ ಬರೋ ಒಂದು ಜಾಗ. ಅವಳು ಮನಸ್ಸಿಟ್ಟಿದ್ದ ಹುಡುಗ ಲಿಯೋನ್ ಊರು ಬಿಟ್ಟು ಹೋಗಿದಾನೆ, ಇವಳಿಗೆ ಹೊತ್ತು ಹೋಗ್ತಿಲ್ಲ, ಇಟಾಲಿಯನ್ ಕಲೀತೀನಿ ಅಂತ ನಿಘಂಟುಗಳು, ವ್ಯಾಕರಣ, ಜೊತೆಗೆ ಬಿಳಿ ಹಾಳೆಗಳನ್ನೂ ತರಿಸ್ತಾಳೆ. ಇತಿಹಾಸ, ತತ್ವಶಾಸ್ತ್ರ ಅಂತ ಗಟ್ಟಿ ಪುಸ್ತಕಗಳಿಗೆ ಕೈ ಹಾಕ್ತಾಳೆ. ಯಾವುದೂ ಮುಂದೆ ಹೋಗಲ್ಲ. ಅವಳ ಬೀರು ತುಂಬ ಶುರು ಮಾಡಿ ಬಿಟ್ಟ ಕಸೂತಿಗಳು, ಓದೂ ಹಾಗೇ ಆಯ್ತು, ಒಂದು ಎತ್ಕೊಂಡ್ಲು, ಬಿಟ್ಲು, ಇನ್ನೊಂದಕ್ಕೆ ಹೋದ್ಲು ಅಂತ ಹೇಳಿ ಫ್ಲೊಬೇರ್ ಮುಂದಕ್ಕೆ ಹೋಗ್ಬಿಡ್ತಾನೆ. ಅಷ್ಟರಲ್ಲೇ ಅವಳ ಮದುವೆ, ಅವಳ ಊರು, ಅವಳ ಆಸೆ ಎಲ್ಲ ಬಂತು. ಇದಕ್ಕೆ ಅತ್ತೆ ಕಂಡುಹಿಡಿದ ಮದ್ದು ಏನು ಗೊತ್ತಾ? ಇವಳ ಕೈಯಿಂದ ಕಾದಂಬರಿ ತಪ್ಪಿಸ್ಬೇಕು ಅಂತ. ರುವಾನ್ ಊರಿನ ಮೇಲೆ ಹೋಗೋವಾಗ ಲೈಬ್ರರಿಗೆ ಹೋಗಿ ಸೊಸೆಯ ಚಂದಾ ರದ್ದು ಮಾಡಿಸ್ತೀನಿ ಅಂತ ಆ ಯಮ್ಮ ತಾನೇ ಹೊರಡ್ತಾಳೆ! ಓದ್ತಾಳೆ ಅನ್ನೋದು ಮನೆಯವರಿಗೆಲ್ಲ ಕಾಣುತ್ತೆ, ಓದೋಕೂ ಆಗದೆ ಒದ್ದಾಡ್ತಿದಾಳೆ ಅನ್ನೋದು ಒಬ್ಬರಿಗೂ ಕಾಣಲ್ಲ.

ಟಾಲ್‌ಸ್ಟಾಯ್ ಇದನ್ನೇ ಅನ್ನಾ ಕರೆನಿನಾ ಕಾದಂಬರಿಯ ಒಂದು ರೈಲು ಪ್ರಯಾಣದಲ್ಲಿ ಮಾಡಿದಾನೆ. ಮಾಸ್ಕೋದಿಂದ ಪೀಟರ್ಸ್‌ಬರ್ಗಿಗೆ ವಾಪಸ್ ಹೊರಟ ಅನ್ನಾ ಸೀಟಿನ ಕೈಗೆ ಪುಟ್ಟ ದೀಪ ಸಿಕ್ಕಿಸ್ಕೋತಾಳೆ, ಚೀಲದಿಂದ ಇಂಗ್ಲಿಷ್ ಕಾದಂಬರಿ ಒಂದನ್ನ ತೆಗೀತಾಳೆ, ಜೊತೆಗೆ ಒಂದು ಕಾಗದದ ಚಾಕು, ಯಾಕಂದ್ರೆ ಆಗೆಲ್ಲ ಹೊಸ ಪುಸ್ತಕದ ಹಾಳೆಗಳು ಮಡಿಕೆಲಿ ಅಂಟ್ಕೊಂಡೇ ಬರ್ತಿದ್ವು, ಓದೋರೇ ಕತ್ತರಿಸ್ಕೋಬೇಕಿತ್ತು. ಮೊದಲು ಓದೋಕಾಗಲ್ಲ, ಹೊರಗೆ ಹಿಮ, ಗದ್ದಲ. ಆಮೇಲೆ ಓದ್ತಾಳೆ, ಅರ್ಥನೂ ಆಗುತ್ತೆ, ಆದ್ರೆ ಇನ್ನೊಬ್ಬರ ಬದುಕನ್ನ ಹಿಂಬಾಲಿಸೋದು ಬೇಡ ಅನ್ಸುತ್ತೆ, ಕಾದಂಬರಿಲಿ ಯಾರೋ ರೋಗಿಯ ಆರೈಕೆ ಮಾಡಿದ್ರೆ ತಾನೇ ಆ ಕೋಣೇಲಿ ಸದ್ದಿಲ್ಲದೆ ಓಡಾಡ್ಬೇಕು ಅನ್ಸುತ್ತೆ, ಅವಳಿಗೆ ತಾನೇ ಬದುಕ್ಬೇಕು. ಕೈಯಲ್ಲಿ ಆ ಚಾಕು ಇದೆ, ಅದನ್ನ ತಿರುಗಿಸ್ತಾ ಇರ್ತಾಳೆ. ನೋಡು, ಆ ಪುಸ್ತಕದ ಹೆಸರು ಏನು ಅಂತ ಟಾಲ್‌ಸ್ಟಾಯ್ ಹೇಳೋದೇ ಇಲ್ಲ. ನೀನು ಹೆಸರು ಮಾತ್ರ ಹೇಳಿದೀಯ.

ಆ ಕತ್ತರಿಸದ ಹಾಳೆಗಳನ್ನೇ ಫಿಟ್ಜೆರಾಲ್ಡ್ 1925ರಲ್ಲಿ ದಿ ಗ್ರೇಟ್ ಗ್ಯಾಟ್ಸ್‌ಬಿ ಕಾದಂಬರಿಲಿ ಬೇರೆ ಥರ ಬಳಸ್ಕೊಂಡ. ಗ್ಯಾಟ್ಸ್‌ಬಿಯ ಬಂಗಲೆಯ ಲೈಬ್ರರಿಲಿ ಕುಡಿದು ಕೂತಿರೋ ದಪ್ಪ ಕನ್ನಡಕದ ಅತಿಥಿಗೆ ಪರಮಾಶ್ಚರ್ಯ, ಪುಸ್ತಕಗಳು ರಟ್ಟಿನ ಡಬ್ಬಗಳಲ್ಲ, ನಿಜವಾದವೇ! ಆದ್ರೆ ಹಾಳೆ ಕತ್ತರಿಸಿಲ್ಲ. ಗ್ಯಾಟ್ಸ್‌ಬಿ ಬಗ್ಗೆ ಅಷ್ಟು ಸಾಕು.

ನಮ್ಮಲ್ಲೇ ನೋಡು. ಸಂಸ್ಕಾರದ ಪ್ರಾಣೇಶಾಚಾರ್ಯರಿಗೆ ಓದದೆ ಉಳಿದ ಗ್ರಂಥ ಅನ್ನೋದೇ ಇಲ್ಲ, ಕಾಶಿಲಿ ಓದಿ ಬಂದವರು, ದೂರ್ವಾಸಪುರದ ಬ್ರಾಹ್ಮಣರಿಗೆಲ್ಲ ಅವರ ಮಾತೇ ಕೊನೇ ಮಾತು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಅದು ತೆಗೆಯೋ ತನಕ ಯಾರೂ ಊಟ ಮಾಡೋ ಹಾಗಿಲ್ಲ, ಸಂಸ್ಕಾರ ಯಾರು ಮಾಡ್ಬೇಕು ಅಂತ ಆಚಾರ್ಯರು ತಾಳೆಗರಿ ಬಿಚ್ಕೊಂಡು ಕೂತು ಹುಡುಕ್ತಾರೆ, ಹುಡುಕ್ತಾರೆ, ಉತ್ತರ ಸಿಗಲ್ಲ. ಜೀವನ ಪೂರ್ತಿ ಓದಿದವರಿಗೆ ಬೇಕಾದ ಒಂದು ಸಾಲು ಅಷ್ಟು ಓಲೆಗಳಲ್ಲಿ ಎಲ್ಲೂ ಇಲ್ಲ. ಅದೇ ಕಾದಂಬರಿಲಿ ಶ್ರೀಪತಿ ಇದಾನೆ, ಅವನು ಓದಿದವನೇನಲ್ಲ, ಆಚಾರ್ಯರ ಬಾಯಲ್ಲಿ ಶಕುಂತಲೆಯ ವರ್ಣನೆ ಕೇಳಿ ಮೈ ಬಿಸಿ ಆಗಿ ಹೊಳೆ ಕಡೆ ಹೋಗ್ತಾನೆ, ಅಲ್ಲಿ ಬೆಳ್ಳಿ ಸಿಗ್ತಾಳೆ. ಬಾಯಿಪಾಠ ಮಾಡಿದವರೊಳಗೆ ಇಳೀದೆ ಇದ್ದ ಕಾವ್ಯ ಸುಮ್ನೆ ಕೇಳಿದವನ ಮೈಗೆ ಇಳೀತು. 1965ರಲ್ಲಿ ಅನಂತಮೂರ್ತಿ ಇದನ್ನ ಬರೆದಾಗ ಓದಿನ ಬಗ್ಗೆ ಒಂದು ಭಾಷಣನೂ ಮಾಡ್ಲಿಲ್ಲ, ಇಬ್ಬರಿಗೆ ಒಂದೇ ಕಾವ್ಯ ಕೊಟ್ಟು ಏನಾಗುತ್ತೆ ಅಂತ ತೋರಿಸಿದ್ರು. ಇನ್ನು ಕಾರಂತರ ಮೂಕಜ್ಜಿ ಪುಸ್ತಕದ ಹಂಗೇ ಇಲ್ಲದವಳು, ಒಂದು ವಸ್ತು ಕೈಗೆ ಕೊಟ್ರೆ ಸಾಕು ಅದರ ಹಿಂದಿನದ್ದೆಲ್ಲ ಅವಳಿಗೆ ಕಾಣುತ್ತೆ, ಮೊಮ್ಮಗ ಸುಬ್ರಾಯ ತನ್ನ ಅನುಮಾನ ತಗೊಂಡು ಅವಳ ಹತ್ರಾನೇ ಬರ್ಬೇಕು. ಹಾಗಾಗಿ ಓದೋ ಪಾತ್ರ ಜಾಣ, ಓದದ ಪಾತ್ರ ದಡ್ಡ ಅನ್ನೋ ಲೆಕ್ಕ ನಿನ್ನ ಕಾದಂಬರಿಲಿ ಬೇಡ, ನಾಯಕಿಯ ಗಂಡನ್ನ ನೀನು ಆ ಲೆಕ್ಕದಲ್ಲೇ ಬರ್ದಿದೀಯ, ಪೇಪರಿನ ಕ್ರೀಡಾಪುಟ ಬಿಟ್ಟು ಬೇರೆ ಓದಲ್ಲ ಅಂತ ಮೂರು ಕಡೆ ಚುಚ್ಚಿದೀಯ, ನನಗೆ ಇಷ್ಟ ಆಗ್ಲಿಲ್ಲ.

ಸರಿ, ನಿನ್ನ ನಾಯಕಿ ದಾವಣಗೆರೆಯ ಬ್ಯಾಂಕಲ್ಲಿ ಕೆಲಸ ಮಾಡ್ತಾಳೆ, ಮನೇಲಿ ಅತ್ತೆ, ಎರಡು ಮಕ್ಕಳು. ಅವಳು ಯಾವಾಗ ಓದ್ತಾಳೆ ಹೇಳು. ಬೆಳಗ್ಗೆ ಕುಕ್ಕರ್ ಕೂಗೋವರೆಗಾ, ಬ್ಯಾಂಕಲ್ಲಿ ಊಟದ ಹೊತ್ತಲ್ಲಾ, ಎಲ್ರೂ ಮಲಗಿದ್ಮೇಲೆ ಮೊಬೈಲ್ ಟಾರ್ಚ್ ಹಾಕ್ಕೊಂಡಾ? ಲೈಟ್ ಹಾಕಿದ್ರೆ ಯಾರು ಗೊಣಗ್ತಾರೆ? ಪುಸ್ತಕಕ್ಕೆ ಕೊಟ್ಟ ದುಡ್ಡು ಮನೇಲಿ ಹೇಳ್ತಾಳಾ, ಕಮ್ಮಿ ಮಾಡಿ ಹೇಳ್ತಾಳಾ? ಶೆಲ್ಫ್ ಅಂತ ಬರ್ದಿದೀಯಲ್ಲ, ಆ ಮನೇಲಿ ಅವಳಿಗೆ ಅಂತ ಒಂದು ಶೆಲ್ಫ್ ಯಾರು ಬಿಟ್ಕೊಟ್ರು? ನನಗೆ ಅವಳ ಪುಸ್ತಕಗಳು ಗಾದ್ರೆಜ್ ಬೀರು ಮೇಲೆ, ಮಕ್ಕಳ ಹಳೇ ಟೆಕ್ಸ್ಟ್‌ಬುಕ್ಕಿನ ಕೆಳಗೆ ಕಾಣ್ತಾವೆ, ಒಂದರೊಳಗೆ ಅರವತ್ತನೇ ಪುಟದ ಹತ್ರ ಕೆಎಸ್ಆರ್‌ಟಿಸಿ ಟಿಕೆಟ್ ಇದೆ, ಯಾವತ್ತಿನದೋ, ಆ ಪುಟದಿಂದ ಮುಂದೆ ಅವಳು ಹೋಗಿಲ್ಲ. ಯಾಕೆ ಹೋಗಿಲ್ಲ? ಅದನ್ನ ಹೇಳ್ದೆ ಇದ್ರೂ ನಡೆಯುತ್ತೆ ಆದ್ರೆ ನಿನಗೆ ಮಾತ್ರ ಗೊತ್ತಿರ್ಬೇಕು.

ಇನ್ನೊಂದು ಕೊಡ್ತೀನಿ, ಬೇಕಾದ್ರೆ ಬಳಸ್ಕೋ. 1965ರಲ್ಲಿ ಸುಧಾ ಶುರು ಆದ್ಮೇಲೆ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನ ವಾರ ವಾರ ಕತ್ತರಿಸಿ, ಸೇರಿಸಿ, ದಬ್ಬಳದಲ್ಲಿ ಹೊಲಿದು ರಟ್ಟು ಹಾಕಿಟ್ಟ ಹೆಣ್ಣುಮಕ್ಕಳು ನಮ್ಮ ಊರೂರಲ್ಲೂ ಇದ್ರು. ಹಿಂದಿನ ಪುಟದಲ್ಲಿ ಅಡುಗೆ ರುಚಿ, ಅರ್ಧ ಕತ್ತರಿಸಿ ಹೋದ ಸೋಪಿನ ಜಾಹೀರಾತು. ಆಗ ಒಂದು ವಾರದ ಸಂಚಿಕೆ ಪಕ್ಕದ ಮನೆಯವರು ತಗೊಂಡು ಹೋಗಿ ವಾಪಸ್ ಕೊಡದೆ ಇದ್ರೆ ಕಥೇಲಿ ಒಂದು ಕಂತು ಶಾಶ್ವತವಾಗಿ ಇಲ್ಲ. ನಿನ್ನ ನಾಯಕಿಯ ಅಮ್ಮ ಹಾಗೆ ಕಟ್ಟಿಟ್ಟಿದ್ದು ಒಂದು ಇದ್ದಿದ್ರೆ, ಅದರಲ್ಲಿ ಒಂದು ಕಂತು ಇಲ್ದೆ ಇದ್ದಿದ್ರೆ, ಮಗಳು ಆ ಜಾಗಕ್ಕೆ ಬಂದಾಗ ಏನು ಮಾಡ್ತಾಳೆ? ಅಮ್ಮನಿಗೆ ಫೋನ್ ಮಾಡಿ ಮಧ್ಯೆ ಏನಾಯ್ತು ಅಂತ ಕೇಳೋಕೆ ಅಮ್ಮ ಇದಾಳಾ? ಇದ್ರೆ ಅವಳು ನೆನಪಿಂದ ಹೇಳೋ ಕಥೆ ಆ ಕಂತಲ್ಲಿ ಇದ್ದಿದ್ದೇನಾ ಇಲ್ಲಾ ಅವಳದೇ ಕಥೆನಾ? ಇಲ್ಲಿ ನಿನಗೆ ಒಂದು ಇಡೀ ಅಧ್ಯಾಯ ಸಿಗುತ್ತೆ, ಸುಮ್ನೆ ಹೇಳ್ತಿಲ್ಲ.

ಪುಸ್ತಕಗಳನ್ನ ಮನೆಯಿಂದ ತೆಗೆದುಹಾಕೋ ದೃಶ್ಯ ಬರೀಬೇಕು ಅಂತ ಕೊನೇಲಿ ಕೇಳಿದೀಯಲ್ಲ, ಅತ್ತೆ ರಾಶಿನೆಲ್ಲ ಗುಜರಿಗೆ ಹಾಕ್ತಾಳೆ ಅಂತ. ಬರಿ, ಆದ್ರೆ ಅದಕ್ಕೆ ಮುಂಚೆ 1605ರ ಡಾನ್ ಕ್ವಿಕ್ಸೋಟಿನ ಆರನೇ ಅಧ್ಯಾಯ ಓದ್ಕೋ. ಓದಿ ಓದಿ ಹುಚ್ಚು ಹಿಡಿದವನ ಪುಸ್ತಕಗಳನ್ನ ಪಾದ್ರಿ ಮತ್ತು ಕ್ಷೌರಿಕ ಒಂದೊಂದಾಗಿ ನೋಡಿ ಇದು ಬೆಂಕಿಗೆ, ಇದು ಉಳೀಲಿ ಅಂತ ತೀರ್ಪು ಕೊಡ್ತಾ ಹೋಗ್ತಾರೆ. ಅದರಲ್ಲಿ ಈ ಕಾದಂಬರಿ ಬರೆದ ಸರ್ವಾಂಟೆಸ್ ತನ್ನದೇ ಹಳೇ ಪುಸ್ತಕ ಗಲಾತಿಯಾನೂ ಸೇರಿಸಿದಾನೆ, ಪಾದ್ರಿ ಅದನ್ನ ನೋಡಿ ಇವನು ನನ್ನ ಹಳೇ ಸ್ನೇಹಿತ, ಕಥೆ ಮುಗಿಸಿಲ್ಲ, ಎರಡನೇ ಭಾಗ ಬರೋವರೆಗೂ ನೋಡೋಣ ಇಟ್ಕೋ ಅಂತಾನೆ. ಆ ಎರಡನೇ ಭಾಗ ಬರ್ಲೇ ಇಲ್ಲ. ಆಮೇಲೆ ಪಾದ್ರಿಗೆ ಸುಸ್ತಾಗುತ್ತೆ, ಉಳಿದಿದ್ದನ್ನ ನೋಡೋ ತಾಳ್ಮೆ ಇಲ್ಲ, ಎಲ್ಲ ಸುಟ್ಟುಬಿಡಿ ಅಂತಾನೆ, ಆ ರಾತ್ರಿ ಮನೆಗೆಲಸದವಳು ಅಂಗಳದಲ್ಲಿ ಇದ್ದಿದ್ದನ್ನೆಲ್ಲ ಸುಡ್ತಾಳೆ. ಸುಡೋರೂ ಓದದೆ ಸುಟ್ಟ ಪುಸ್ತಕಗಳು ಅವು. ನಿನ್ನ ಅತ್ತೆ ಪಾತ್ರಕ್ಕೆ ಕೋಪ ಒಂದೇ ಯಾಕೆ, ಸುಸ್ತೂ ಇರ್ಲಿ, ಗುಜರಿಯವನು ತಕ್ಕಡಿ ಹಿಡ್ಕೊಂಡು ಗೇಟಲ್ಲಿ ಕಾಯ್ತಿರೋವಾಗ ಯಾವುದನ್ನ ಉಳಿಸ್ಬೇಕು ಅಂತ ಅವಳೂ ಒಂದೆರಡು ಪುಟ ತಿರುವಿ ನೋಡ್ಲಿ.

ಎರಡನೇ ಅಧ್ಯಾಯ ಇದೆಲ್ಲ ಇಟ್ಕೊಂಡು ಮತ್ತೆ ಬರಿ, ಶೆಲ್ಫಿನ ಪ್ಯಾರಾ ಪೂರ್ತಿ ಹೊಡೆದುಹಾಕು. ಮೂರು ನಾಲ್ಕು ಈಗ ಮುಟ್ಬೇಡ, ಎರಡು ಸರಿ ಆದ್ರೆ ಅವು ಹೆಂಗಿದ್ರೂ ಬದಲಾಗ್ತಾವೆ. ಯುಗಾದಿ ಒಳಗೆ ಕಳಿಸೋಕಾದ್ರೆ ಕಳಿಸು, ಪಿಡಿಎಫ್ ಬೇಡ, ವರ್ಡ್ ಫೈಲೇ ಕಳಿಸು, ಪಕ್ಕದಲ್ಲಿ ಬರೀತಾ ಹೋಗೋಕೆ ನನಗೆ ಅದೇ ಸುಲಭ.

ಪ್ರೀತಿಯಿಂದ,
ನಿನ್ನಣ್ಣ